ಕೊಂದು ಕಳಿಸಿದ್ದೇವೆ, ಬೆಳೆಸಿಕೊಡಿ

ಮತ್ತೆ ಅದೇ ಕಥೆ. ಆಪರೇಷನ್ ಮಾಡಿ ಮೂಳೆಯ ಪಕ್ಕದಿಂದ ಒಂದು ತುಣುಕು ತೆಗೆದಿದ್ದಾರೆ. ಅದನ್ನು ಸೀದಾ ಫಾರ್ಮಲಿನ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ‘ಕಲ್ಚರ್ ಮತ್ತು ಸೆನ್ಸಿಟಿವಿಟಿ’ ಅಂತ ಬರೆದು ಲ್ಯಾಬಿಗೆ ಕಳಿಸಿದ್ದಾರೆ.

ಫಾರ್ಮಲಿನ್ನನ್ನು ಯಾರೂ ಬೈಯಬೇಡಿ. ಅದರಷ್ಟು ನಿಯತ್ತಿನ ದ್ರವ ಇನ್ನೊಂದಿಲ್ಲ. ತುಣುಕು ಕೊಳೆಯದಂತೆ ನೋಡಿಕೊಳ್ಳುತ್ತದೆ. ಪೆಥಾಲಜಿಯವರಿಗೆ ಮೈಕ್ರೋಸ್ಕೋಪಿನಲ್ಲಿ ಜೀವಕೋಶ ನೋಡಲು ಅದೇ ಬೇಕು. ಜೊತೆಗೆ ಒಳಗಿರುವ ಬ್ಯಾಕ್ಟೀರಿಯಾವನ್ನೂ ಕೊಂದು ಹಾಕುತ್ತದೆ. ಕಲ್ಚರ್ ಅಂದರೆ ಬದುಕಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡೋದು. ಸೆನ್ಸಿಟಿವಿಟಿ ಅಂದರೆ ಹಾಗೆ ಬೆಳೆದದ್ದು ಯಾವ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ ಅಂತ ನೋಡೋದು. ಹುರಿದ ಕಾಳು ಕೊಟ್ಟು ಮೊಳಕೆ ಬರಿಸಿ ಅಂದ ಹಾಗಾಯ್ತು, ಅಲ್ವಾ?

ಈ ಬ್ಯಾಕ್ಟೀರಿಯಾ ಬೆಳೆಸೋಕೆ ಹಿಂದಿನವರು ಪಟ್ಟ ಪಾಡು ಕೇಳಿ. ಬ್ಯಾಕ್ಟೀರಿಯಾ ಅಧ್ಯಯನಕ್ಕೆ ಬುನಾದಿ ಹಾಕಿದ ಜರ್ಮನ್ ವೈದ್ಯ ರಾಬರ್ಟ್ ಕಾಕ್ ಕಾಲದಲ್ಲಿ ಜೆಲಟಿನ್ ಮೇಲೆ ಬೆಳೆಸುತ್ತಿದ್ದರು. ಸ್ವಲ್ಪ ಸೆಕೆಯಾದರೂ ಅದು ಕರಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರು ಮಾಡುತ್ತಿದ್ದವು. ಕಾಕ್ ಜೊತೆ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಹೆಂಡತಿ ಫ್ಯಾನಿ ಒಂದು ಉಪಾಯ ಹೇಳಿದರು: ನಾನು ಜೆಲ್ಲಿಗೆ ಹಾಕುವ ಅಗರ್, ಅಂದರೆ ಕಡಲ ಪಾಚಿಯ ಅಂಟು, ಹಾಕಿ ನೋಡಿ. ಇವತ್ತಿಗೂ ಲ್ಯಾಬುಗಳು ನಿಂತಿರುವುದು ಅದರ ಮೇಲೆ. ಆಮೇಲೆ ತಟ್ಟೆ ಬಂತು, 1887ರಲ್ಲಿ. ಅದಕ್ಕೆ ಕಾಕ್‌ನ ಸಹಾಯಕ ಪೆಟ್ರಿಯ ಹೆಸರು. ಅಗರ್‌ಗೆ ಫ್ಯಾನಿಯ ಹೆಸರು ಬರಲಿಲ್ಲ. ಇರಲಿ, ಆ ಜಗಳ ಇನ್ನೊಮ್ಮೆ.

ಈಗಂತೂ ರಕ್ತ ಬೆರೆಸಿದ ಅಗರ್, ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆ, ಗಾಳಿ ಸೋಕಿದರೆ ಸಾಯುವ ಜಾತಿಗಳಿಗೆ ಆಮ್ಲಜನಕವಿಲ್ಲದ ಬೇರೆ ಡಬ್ಬಿ. ರಾಜಮರ್ಯಾದೆಗೆ ಎಲ್ಲ ರೆಡಿ. ಬರೋದು ಮಾತ್ರ ಹೆಣ.

ಫಾರ್ಮ್ ಇನ್ನೂ ಚೆನ್ನ. ಎಲ್ಲಿಂದ ತೆಗೆದದ್ದು? ‘ಟಿಶ್ಯೂ.’ ರೋಗ ಏನು? ಒಂದು ಪ್ರಶ್ನಾರ್ಥಕ ಚಿಹ್ನೆ. ಆಂಟಿಬಯಾಟಿಕ್ ಕೊಟ್ಟಿದ್ದೀರಾ? ಆ ಜಾಗ ಖಾಲಿ. ಕೊಟ್ಟಿರುತ್ತಾರೆ, ಎರಡೆರಡು. ಔಷಧಿ ಮೊದಲೇ ಒಳಗೆ ಹೋದರೆ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು. ಸೋಂಕು ಇಡೀ ಮೈಯನ್ನೇ ಕೆಡಿಸುವ ಸೆಪ್ಸಿಸ್ ಆಗಿ ಜೀವ ಹೋಗುವಂತಿದ್ದರೆ ಕಾಯಬಾರದು, ಒಪ್ಪೋಣ. ತಿಂಗಳುಗಟ್ಟಲೆ ಸೋರುತ್ತಿರುವ ಮೂಳೆಗೆ, ಜ್ವರವೂ ಇಲ್ಲದಾಗ, ತುಣುಕು ತೆಗೆಯೋವರೆಗೆ ತಡೆಯೋಕೆ ಏನು ಕಷ್ಟ?

ತುಣುಕು ಯಾಕೆ ಅಂತ ಗಾಯಕ್ಕೆ ಸ್ವ್ಯಾಬ್, ಅಂದರೆ ಹತ್ತಿ ಸುತ್ತಿದ ಕಡ್ಡಿ, ಸವರಿ ಕಳಿಸುವವರೂ ಇದ್ದಾರೆ. ಗಾಯದ ಮೇಲೆ ಸುಮ್ನೆ ಕೂತಿದ್ದ ಚರ್ಮದ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಸೊಂಪಾಗಿ ಬೆಳೆಯುತ್ತದೆ. ಅದಕ್ಕೇ ಚಿಕಿತ್ಸೆ ಶುರು. ಮೂಳೆಯೊಳಗಿನ ಅಸಲಿ ಆಸಾಮಿ ಹಾಯಾಗಿರುತ್ತಾನೆ.

ಎರಡನೇ ದಿನಕ್ಕೇ ಫೋನ್: ರಿಪೋರ್ಟ್ ಎಲ್ಲಿ? ಕೃತಕ ಕೀಲಿನ ಸೋಂಕಿನಲ್ಲಿ ಕೆಲವು ಬ್ಯಾಕ್ಟೀರಿಯಾ ತಲೆಯೆತ್ತೋಕೆ 14 ದಿನ ಬೇಕಾಗಬಹುದು. ಟಿಬಿಗೆ ವಾರಗಟ್ಟಲೆ. ಅಷ್ಟು ಪುರುಸೊತ್ತು ಯಾರಿಗಿದೆ? ‘ನೋ ಗ್ರೋತ್’ ಅಂತ ಬಂದರೆ ಸಾಕು, ಇನ್ಫೆಕ್ಷನ್ ಇಲ್ಲ ಅಂತ ಫೈಲಿನಲ್ಲಿ ಬರೆದು ಮುಗಿಸುತ್ತಾರೆ.

ನಗು ಬರ್ತಾ ಇಲ್ಲ ಈಗ. ಆ ತುಣುಕಿಗಾಗಿ ಒಬ್ಬರಿಗೆ ಅರಿವಳಿಕೆ ಕೊಟ್ಟು ಮೈ ಕೊಯ್ದಿದ್ದಾರೆ. ಇನ್ನೊಂದು ತುಣುಕು ಬೇಕು ಅಂದರೆ ಇನ್ನೊಂದು ಸಲ ಕೊಯ್ಯಬೇಕು. ಬೇಕಾಗಿದ್ದದ್ದು ಸ್ಟೆರೈಲ್ ಡಬ್ಬಿ, ಒಣಗದಂತೆ ಸ್ವಲ್ಪ ಸಲೈನ್, ಬೇಗ ತಲುಪಿಸುವ ಒಬ್ಬ ಮನುಷ್ಯ. ಇಷ್ಟೇ.

ಲ್ಯಾಬಿನಿಂದ ಫೋನ್ ಹೋಗುತ್ತದೆ. “ಸರ್, ನೀವು ಕಳಿಸಿದ್ದು ಫಾರ್ಮಲಿನ್‌ನಲ್ಲಿದೆ, ಕಲ್ಚರ್ ಆಗಲ್ಲ.”

“ಹೌದಾ? ಹಾಗಾದ್ರೆ ಚೆನ್ನಾಗಿ ತೊಳೆದು ಹಾಕಿ ನೋಡಿ.”