‘ಕ್ಯಾಬಿನ್ ಅಪ್ರೂವ್ಡ್’ ಸ್ಟ್ರಾಲರ್: ಒಂದು ಸ್ಪಷ್ಟನೆ

‘ಐಎಟಿಎ ಒಪ್ಪಿದ ಅಳತೆಯ ಸ್ಟ್ರಾಲರ್ (ಮಗುವಿನ ತಳ್ಳುಗಾಡಿ) ಇದ್ದರೆ ಯಾವ ವಿಮಾನದೊಳಗೂ ಒಯ್ಯಬಹುದು’ ಎಂಬ ಮೆಸೇಜ್ ಹೊಸ ಅಪ್ಪ-ಅಮ್ಮಂದಿರ ನಡುವೆ ಓಡಾಡುತ್ತಿದೆ. ಅದು ಸರಿಯಲ್ಲ.

ಐಎಟಿಎ ಎಂದರೆ ವಿಮಾನ ಕಂಪನಿಗಳ ಒಕ್ಕೂಟ. ವಿಮಾನದೊಳಗೆ ಒಯ್ಯುವ ಕ್ಯಾಬಿನ್ ಬ್ಯಾಗ್‌ಗೆ ಅದು ಹೇಳುವ 56x45x25 ಸೆಂ.ಮೀ. ಬರೀ ಮಾರ್ಗದರ್ಶಿ ಅಳತೆ. ಒಳಗೆ ಬಿಡುವುದು, ಬಿಡದಿರುವುದು ಆಯಾ ಏರ್‌ಲೈನ್‌ಗೆ ಸೇರಿದ್ದು. ಇಂಡಿಗೋದ ಕ್ಯಾಬಿನ್ ಬ್ಯಾಗ್ ಮಿತಿ 55x35x25. ಜನಪ್ರಿಯ ಬೇಬಿಜೆನ್ ಯೊಯೊ ಸ್ಟ್ರಾಲರ್ ಮಡಚಿದಾಗ ಸುಮಾರು 52x44x18. ಅಗಲದಲ್ಲೇ ಸಿಕ್ಕಿಬೀಳುತ್ತದೆ, ಅಲ್ವಾ?

ಸುಮ್ನೆ ಗಾಬರಿ ಬೇಡ. ವಿಮಾನದ ಹತ್ತಿರದವರೆಗೆ ತಳ್ಳಿಕೊಂಡು ಹೋಗಿ ಸಿಬ್ಬಂದಿಗೆ ಕೊಡುವ ಅವಕಾಶ ಹೆಚ್ಚಿನ ಕಡೆ ಇದೆ. ಚೆಕ್-ಇನ್‌ನಲ್ಲೇ ಟ್ಯಾಗ್ ಹಾಕಿಸಿ. ಇಳಿದಾಗ ವಿಮಾನದ ಬಾಗಿಲಲ್ಲಿ ಸಿಗುತ್ತದಾ, ಲಗೇಜ್ ಬೆಲ್ಟ್‌ಗೆ ಬರುತ್ತದಾ ಎಂದೂ ಕೇಳಿಕೊಳ್ಳಿ. ನನ್ನ ಪ್ರಕಾರ, ಕೊಳ್ಳುವಾಗ ‘ಕ್ಯಾಬಿನ್ ಅಪ್ರೂವ್ಡ್’ ಲೇಬಲ್‌ಗಿಂತ ಒಂದೇ ಕೈಯಲ್ಲಿ ಮಡಚಲು ಬರುತ್ತದಾ ನೋಡುವುದು ಮುಖ್ಯ. ಇನ್ನೊಂದು ಕೈಯಲ್ಲಿ ಮಗು ಇರುತ್ತದಲ್ಲ.