ಅಡಿಕೆ ಕದಿಯಬೇಡಿ, ಆನೆಯಾದರೆ ನೋಡೋಣ

ಕದಿಯಬಾರದು ಎನ್ನಲು ಈಗ ಧರ್ಮಶಾಸ್ತ್ರ ಬೇಕಿಲ್ಲ, ಕ್ಯಾಲ್ಕುಲೇಟರ್ ಸಾಕು. 1968ರಲ್ಲೇ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಕಳ್ಳನಿಗೂ ಲೆಕ್ಕದ ಪುಸ್ತಕ ಕೊಟ್ಟರು: ಸಿಗುವ ಲಾಭ ಒಂದು ತಟ್ಟೆಯಲ್ಲಿ, ಶಿಕ್ಷೆಯನ್ನು ಸಿಕ್ಕಿಬೀಳುವ ಸಾಧ್ಯತೆಯಿಂದ ಗುಣಿಸಿ ಇನ್ನೊಂದು ತಟ್ಟೆಯಲ್ಲಿ. ಪ್ರಾಮಾಣಿಕತೆಗೂ ಬಡ್ಡಿದರ ಬಂತು.

ತೂಗಿಯೇ ನೋಡೋಣ. ಒಂದು ಕಳವಿನ ಲಾಭ 100. ಸಿಕ್ಕಿಬೀಳುವ ಸಾಧ್ಯತೆ ಶೇ. 10. ಸಿಕ್ಕಿಬಿದ್ದರೆ ನಷ್ಟ 500, ಅದರಲ್ಲಿ ಶೇ. 10 ಅಂದರೆ 50. ಇನ್ನೂ 50 ಉಳಿಯಿತಲ್ಲ! ಉಳಿಯಿತು, ಕಾಗದದ ಮೇಲೆ. ಆದರೆ ಒಂದೇ ಸಲಕ್ಕೆ ನಿಲ್ಲಿಸುವ ಕಳ್ಳ ಎಲ್ಲಿದ್ದಾನೆ? 10 ಸಲ ಕದ್ದರೆ ಒಮ್ಮೆಯಾದರೂ ಸಿಕ್ಕಿಬೀಳುವ ಸಾಧ್ಯತೆ ಶೇ. 65, 20 ಸಲಕ್ಕೆ ಶೇ. 88. ಸಿಕ್ಕ ದಿನ ಹಳೆಯವೆಲ್ಲ ಬಿಚ್ಚಿಕೊಳ್ಳುತ್ತವೆ, ಮುಂದೆ ಯಾರೂ ಕೆಲಸ ಕೊಡುವುದಿಲ್ಲ. ಇವೆರಡನ್ನೂ 500ರೊಳಗೆ ಸೇರಿಸಲು ನಮ್ಮ ಜಾಣ ಮರೆತಿದ್ದ.

ನಿರ್ವಹಣೆಯ ಖರ್ಚಂತೂ ಕೇಳಬೇಡಿ. ಕದ್ದ ಮಾಲಿಗೆ ಪೂರ್ತಿ ಬೆಲೆ ಸಿಗುವುದಿಲ್ಲ. ಪಾಲುದಾರ ಕೈಕೊಟ್ಟರೆ ಕೋರ್ಟಿಗೆ ಹೋಗುವಂತಿಲ್ಲ. ಆದಾಯ ತೋರಿಸಿದರೆ ಕಳವಿನ ಕೇಸು, ಮುಚ್ಚಿಟ್ಟರೆ ತೆರಿಗೆಯ ಕೇಸು. ಅಮೆರಿಕದ ಭೂಗತ ದೊರೆ ಅಲ್ ಕಪೋನ್‌ಗೆ 1931ರಲ್ಲಿ 11 ವರ್ಷ ಬಿದ್ದದ್ದು ತೆರಿಗೆಯ ಲೆಕ್ಕದಲ್ಲೇ.

ಎಲ್ಲಕ್ಕಿಂತ ದುಬಾರಿ ಸುಳ್ಳು. ಅದು ದಿನಾ ಹೊಸ ಸುಳ್ಳಿನ ಮೇವು ಬೇಡುತ್ತದೆ. 1920ರಲ್ಲಿ ಅಮೆರಿಕದ ವಂಚಕ ಚಾರ್ಲ್ಸ್ ಪೊಂಜಿ, ದುಡ್ಡು ಕಟ್ಟಿದವರಿಗೆ 45 ದಿನಕ್ಕೆ ಶೇ. 50 ಲಾಭ ಕೊಡುತ್ತೇನೆಂದ. ಕಟ್ಟಿದವರು ದುಡ್ಡು ಹಿಂತೆಗೆಯದೆ ಬಿಟ್ಟರೆ ವರ್ಷದಲ್ಲಿ ಎಂಟು ಸುತ್ತು, 100 ಹೋಗಿ 2,563. ಅಷ್ಟು ಕೊಡಲು ಹೊಸ ಕುರಿಗಳೇ ಬೇಕು, ಕುರಿಗಳ ಸಂಖ್ಯೆಗೋ ಮಿತಿಯಿದೆ. ಅವನ ಅಂಗಡಿ ವರ್ಷವನ್ನೂ ಕಾಣಲಿಲ್ಲ. ಜನರ ಹೂಡಿಕೆ ನೋಡಿಕೊಳ್ಳುತ್ತಿದ್ದ ಅಮೆರಿಕದ ಬರ್ನಿ ಮೇಡಾಫ್ ಇದೇ ಆಟವನ್ನು ದಶಕಗಳ ಕಾಲ ಎಳೆದ, ಆದರೆ ದುಡಿಮೆ ನೋಡಿ: ನಡೆಯದ ವಹಿವಾಟಿಗೆ ತಿಂಗಳು ತಿಂಗಳೂ ವಿವರಪಟ್ಟಿ. ಲೆಕ್ಕಪರಿಶೋಧಕರು ಕೇಳಿದಾಗ ಆಗಷ್ಟೇ ಮುದ್ರಿಸಿದ ಲೆಡ್ಜರನ್ನು ಸಿಬ್ಬಂದಿ ಫ್ರಿಜ್ಜಿನಲ್ಲಿಟ್ಟು ಬಿಸಿ ಆರಿಸಿದರು, ಹಳೆಯದಾಗಿ ಕಾಣಲೆಂದು ಚೆಂಡಿನಂತೆ ಎಸೆದಾಡಿದರು. ಇಷ್ಟು ಬೆವರಿಗೆ 2009ರಲ್ಲಿ ಸಿಕ್ಕ ಕೂಲಿ 150 ವರ್ಷ ಜೈಲು.

ಆದ್ದರಿಂದ ಚಿಕ್ಕದಾಗಿ, ಸ್ವಂತ ಹೆಸರಿನಲ್ಲಿ, ಸ್ವಂತ ಕೈಯಿಂದ ಕದಿಯುವುದು ಶುದ್ಧ ದಡ್ಡತನ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಆನೆಗೇ ಹೋದ ಮಾನದ ದರಪಟ್ಟಿ ಬೇರೆ. ಮೆಕ್ಸಿಕೋದ ಮಾದಕವಸ್ತು ದಂಧೆಯ ಹಣ ತನ್ನೊಳಗೆ ಹರಿಯಲು ಬಿಟ್ಟದ್ದಕ್ಕೆ ಎಚ್‌ಎಸ್‌ಬಿಸಿ ಬ್ಯಾಂಕು 2012ರಲ್ಲಿ ಅಮೆರಿಕಕ್ಕೆ ಸುಮಾರು 190 ಕೋಟಿ ಡಾಲರ್ ಕಟ್ಟಿತು. ಅದರ ಹಿಂದಿನ ವರ್ಷದ ಲಾಭ ಸುಮಾರು 2,200 ಕೋಟಿ ಡಾಲರ್. ಅಂದರೆ ಒಂದು ತಿಂಗಳ ಸಂಪಾದನೆ. ಮೇಲಧಿಕಾರಿಗಳಲ್ಲಿ ಜೈಲಿಗೆ ಹೋದವರು ಸೊನ್ನೆ. ಐದು ವರ್ಷ ಸರಿಯಾಗಿ ನಡೆದುಕೊಂಡರೆ ಮೊಕದ್ದಮೆ ಕೈಬಿಡುವ ಒಪ್ಪಂದ, ಮೇಲೊಬ್ಬ ಸ್ವತಂತ್ರ ಮೇಲ್ವಿಚಾರಕ. ಇಲ್ಲಿ ಬೆಕರ್ ತಕ್ಕಡಿಯ ಶಿಕ್ಷೆಯ ತಟ್ಟೆ ಆಕಾಶಕ್ಕೇರಿ ಕೂತಿದೆ.

ಇದನ್ನು ಓದಿದ ಜೇಬುಗಳ್ಳನೊಬ್ಬ ಠಾಣೆಯಲ್ಲಿ ಅರ್ಜಿ ಕೊಡಬಹುದು: ‘ಒಂದು ತಿಂಗಳ ಗಳಿಕೆ ಕಟ್ಟುತ್ತೇನೆ, ಐದು ವರ್ಷ ಒಳ್ಳೆಯವನಾಗಿರುತ್ತೇನೆ, ನನ್ನ ಬಲಗೈಗೆ ಸ್ವತಂತ್ರ ಮೇಲ್ವಿಚಾರಕರನ್ನು ನೇಮಿಸಿ.’