ಅಕ್ಕನ ಲೆಕ್ಕದ ಪುಸ್ತಕ

ನಮ್ಮ ದೊಡ್ಡಮ್ಮನ ಮಗಳ ಮನೆಯಲ್ಲಿ ಫ್ರಿಜ್ ಮೇಲೆ ಒಂದು ಸಣ್ಣ ನೋಟ್‌ಬುಕ್ ಇದೆ. ಮೊದಲ ನಾಲ್ಕು ಪುಟ ಹಾಲಿನ ಲೆಕ್ಕ. ಅಲ್ಲಿಂದ ಮುಂದೆ ಮಗನ ಫಿಟ್ಸ್ ಲೆಕ್ಕ. ‘ಬೆಳಿಗ್ಗೆ 6.10. 40 ಸೆಕೆಂಡ್. ಎಡಗೈ. ಆಮೇಲೆ ನಿದ್ದೆ.’ ಬರೆದಿಡಿ ಅಂತ ಡಾಕ್ಟರು ಹೇಳಿದ್ದರು. ಅಕ್ಕ ಒಂದು ದಿನವೂ ತಪ್ಪಿಸಿಲ್ಲ.

ಹೋದ ತಿಂಗಳು ಒಂದು ಮಾತು ಹೇಳಿದಳು. “ಹೊಸ ಮಾತ್ರೆ ಶುರು ಮಾಡಿದ ದಿನ ಐದು ಸಲ ಬಂದಿತ್ತು ಕಣೋ. ನಾಲ್ಕು ಅಂತ ಬರೆದೆ. ಐದನೇದು ಸಣ್ಣದು, ಬಿಡು ಅಂತ.” ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಆವತ್ತಿನಿಂದ ಮಿಲಾಳ ಕಥೆ ತಲೆಯಲ್ಲಿ ಸುತ್ತುತ್ತಿದೆ. ಅಮೆರಿಕದ ಕೊಲೊರಾಡೊದ ಮಿಲಾ ಮಾಕೊವೆಕ್. ಓಡಾಡಿಕೊಂಡು, ಮಾತಾಡಿಕೊಂಡು ಇದ್ದ ಮಗು ಒಂದೊಂದಾಗಿ ಎಲ್ಲ ಕಳೆದುಕೊಳ್ಳುತ್ತಾ ಬಂತು. ಕಣ್ಣು ಹೋಯಿತು, ಮಾತು ನಿಂತಿತು, ಫಿಟ್ಸ್ ಶುರುವಾಯಿತು. 2016ರ ಕೊನೆಗೆ ಕಾಯಿಲೆಗೆ ಹೆಸರು ಸಿಕ್ಕಿತು, ಬ್ಯಾಟನ್. ಮಿದುಳಿನ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ತಂದೆಯಿಂದ ಬಂದ ಜೀನೂ ತಾಯಿಯಿಂದ ಬಂದ ಜೀನೂ ಎರಡೂ ಕೆಟ್ಟಿದ್ದರೆ ಬರುವಂಥದ್ದು. ಟೆಸ್ಟಿನಲ್ಲಿ ಸಿಕ್ಕಿದ್ದು ಒಂದು ಕಡೆಯ ದೋಷ ಮಾತ್ರ. ತಾಯಿ ಜೂಲಿಯಾ ವಿಟರೆಲ್ಲೊ ಇದೇ ಫೇಸ್‌ಬುಕ್ಕಿನಲ್ಲಿ ಸಹಾಯ ಕೇಳಿದರು. ಆ ಪೋಸ್ಟು ಅವರಿವರಿಂದ ಬಾಸ್ಟನ್ ಚಿಲ್ಡ್ರನ್ಸ್ ಆಸ್ಪತ್ರೆಯ ಡಾ. ತಿಮೊತಿ ಯು ಅವರಿಗೆ ತಲುಪಿತು. (ಇಲ್ಲಿ ದಿನಾ ಕಿತ್ತಾಡುವ ನಮಗೆ ಇದೂ ನೆನಪಿರಲಿ.) ಅವರ ತಂಡ ಮಿಲಾಳ ಇಡೀ ಜೀನೋಮ್, ಅಂದರೆ ಡಿಎನ್‌ಎ ಪೂರ್ತಿ ಓದಿ, ಜೀನಿನ ನಡುವೆ ಬಂದು ಸೇರಿಕೊಂಡಿದ್ದ ಸುಮಾರು 2,000 ಅಕ್ಷರಗಳ ಡಿಎನ್‌ಎ ತುಂಡನ್ನು ಪತ್ತೆ ಮಾಡಿತು. ಜೀವಕೋಶ ಅಲ್ಲಿ ಎಡವದೆ ದಾಟಿಹೋಗುವಂತೆ ಡಿಎನ್‌ಎಯಂಥದ್ದೇ 22 ಅಕ್ಷರಗಳ ಸಣ್ಣ ಎಳೆಯೊಂದನ್ನು ಔಷಧಿಯಾಗಿ ಮಾಡಿದರು. ಹೆಸರು ಮಿಲಾಸೆನ್. ಅವಳೊಬ್ಬಳಿಗೆ ಅಂತಲೇ ಹೊಲಿದ ಅಂಗಿಯ ಹಾಗೆ. 2018ರ ಜನವರಿ ಕೊನೆಗೆ ಬೆನ್ನುಹುರಿಯ ಸುತ್ತಲಿನ ನೀರಿಗೆ ಮೊದಲ ಡೋಸ್ ಕೊಟ್ಟರು.

ಮೊದಲು ದಿನಕ್ಕೆ 30ರವರೆಗೂ ಬರುತ್ತಿದ್ದ ಫಿಟ್ಸ್ ಕಡಿಮೆಯಾಯಿತು. ಬಂದರೂ ಬೇಗ ಬಿಡುತ್ತಿತ್ತು. ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿಯೂ ಅದನ್ನೇ ಹೇಳಿತು, ತಂದೆತಾಯಿಯ ಲೆಕ್ಕವೂ ಅದನ್ನೇ ಹೇಳಿತು. ಆದರೆ ಕಾಯಿಲೆ ನಿಲ್ಲಲಿಲ್ಲ. 2021ರ ಫೆಬ್ರವರಿಯಲ್ಲಿ ಮಿಲಾ ತೀರಿಕೊಂಡಳು. 10 ವರ್ಷ.

ಇದು ಗೆಲುವಾ ಸೋಲಾ ಅಂತ ಚರ್ಚೆ ಮಾಡುವವರು ಒಂದೇ ಒಂದು ಫಿಟ್ಸ್ ಹತ್ತಿರದಿಂದ ನೋಡಬೇಕು. ಮಗು ಹಲ್ಲು ಕಚ್ಚಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಪಕ್ಕದ ಮನೆಯವರು ಬೀಗದ ಕೈ ಹಿಡಿದು ‘ಕಬ್ಬಿಣ ಕೊಡಿ, ಕಬ್ಬಿಣ ಕೊಡಿ’ ಅಂತ ಓಡಿಬರುವಾಗ 40 ಸೆಕೆಂಡ್ ಮುಗಿಯುವುದೇ ಇಲ್ಲ. (ಕಬ್ಬಿಣ ಕೊಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ.) ಅಂಥದ್ದು ದಿನಕ್ಕೆ ಹತ್ತು ಕಡಿಮೆಯಾದರೆ ಸಣ್ಣ ಮಾತಲ್ಲ. ಔಷಧಿ ಮಾಡಿದ್ದೇ ತಪ್ಪು ಅಂತ ನಾನಂತೂ ಹೇಳಲಾರೆ.

ನನ್ನ ತಕರಾರು ಪೆನ್ನು ಯಾರ ಕೈಯಲ್ಲಿದೆ ಅನ್ನುವುದು. ನೂರಾರು ಜನರ ಮೇಲೆ ಪರೀಕ್ಷಿಸುವ ಔಷಧಿಯಲ್ಲಿ ಸಾಮಾನ್ಯವಾಗಿ ಕೆಲವರಿಗೆ ಔಷಧಿಯಿಲ್ಲದ ಖಾಲಿ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಅಂತ ಬರೆದುಕೊಳ್ಳುವವರಿಗೂ ತಿಳಿದಿರುವುದಿಲ್ಲ. ಒಬ್ಬಳಿಗೇ ಮಾಡಿದ ಔಷಧಿಗೆ ಹೋಲಿಸಿ ನೋಡಲು ಇನ್ನೊಬ್ಬಳಿಲ್ಲ. ಫಿಟ್ಸನ್ನು ಇಇಜಿ ಹಿಡಿಯುತ್ತದೆ ಸರಿ. ತಲೆ ಎತ್ತಿದಳಾ? ಚೆನ್ನಾಗಿ ನುಂಗಿದಳಾ? ಸೂಜಿ ಚುಚ್ಚಿದ ಮೇಲೆ ರಾತ್ರಿ ನರಳಿದಳಾ? ಮಗುವಿಗೆ ಮಾತಿಲ್ಲ. ಹೇಳಬೇಕಾದವಳು ತಾಯಿಯೇ. ಊರೂರು ದೇಣಿಗೆ ಕೇಳಿದವಳು, ಇದು ಕೆಲಸ ಮಾಡಲೇಬೇಕು ಅಂತ ಕಾದು ಕೂತವಳು. ಮಿಲಾಳ ತಾಯಿ ತಪ್ಪು ಲೆಕ್ಕ ಕೊಟ್ಟರು ಅಂತ ಖಂಡಿತ ಹೇಳುತ್ತಿಲ್ಲ. ನಮ್ಮಕ್ಕ ಒಬ್ಬರಿಗೂ ಮೋಸ ಮಾಡಿದವಳಲ್ಲ, ಅವಳೇ ಐದನ್ನು ನಾಲ್ಕು ಮಾಡಿದಳಲ್ಲ ಅಂತ.

ಲೆಕ್ಕ ಸರಿಯಿದ್ದರೂ ಸಾಲದು. ಯು ಅವರ ತಂಡ ಆಮೇಲೆ ಮಕ್ಕಳಿಗೆ ಜೋರು ಫಿಟ್ಸ್ ತರುವ ಕೆಸಿಎನ್‌ಟಿ1 ಎಂಬ ಜೀನಿನ ತೊಂದರೆಗೆ ವಲೇರಿಯಾಸೆನ್ ಎಂಬ ಔಷಧಿ ಮಾಡಿತು. ಮೊದಲು ಪಡೆದ ಇಬ್ಬರು ಮಕ್ಕಳಿಗೂ ಫಿಟ್ಸ್ ಇಳಿಯಿತು. ಇಬ್ಬರಿಗೂ ಮಿದುಳಿನಲ್ಲಿ ನೀರು ತುಂಬಿಕೊಂಡಿತು. ಒಂದು ಮಗು ಉಳಿಯಲಿಲ್ಲ. ಅಕ್ಕನಂಥ ಪುಸ್ತಕವೊಂದನ್ನೇ ನೋಡಿದ್ದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತಿತ್ತು.

ಮೊದಲ ಸೂಜಿಗೆ ಮುಂಚೆಯೇ ಎಲ್ಲಿಗೆ ಬಂದರೆ ನಿಲ್ಲಿಸುವುದು ಅಂತ ಬರೆದಿಡಬೇಕು. ಆ ಗೆರೆ ಬಂತು ಅಂತ ಹೇಳುವವರು ಔಷಧಿ ಮಾಡಿದವರೂ ಆಗಿರಬಾರದು, ಹೆತ್ತವರೂ ಆಗಿರಬಾರದು. ಒಪ್ಪಿಗೆ ಹೆತ್ತವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಇನ್ನು ಸಾಕು’ ಅನ್ನುವ ಮಾತನ್ನೂ ತಾಯಿಯ ಬಾಯಿಂದಲೇ ಹೇಳಿಸುವುದು ಯಾವ ನ್ಯಾಯ?

ಒಬ್ಬೊಬ್ಬರ ಜೀನು ನೋಡಿ ಚಿಕಿತ್ಸೆ ಕೊಡುವ ಈ ಪ್ರಿಸಿಷನ್ ಮೆಡಿಸಿನ್ನು ಅಕ್ಕನ ಮನೆಗೂ ಬಂತು, ವಾಟ್ಸಾಪಿನಲ್ಲಿ ಮಗನ ಜೀನ್ ಟೆಸ್ಟಿನ ಪಿಡಿಎಫ್ ಆಗಿ. ಒಂದು ಜೀನಿನಲ್ಲಿ ಒಂದು ಬದಲಾವಣೆ, ಅದರ ಮಹತ್ವ ಅನಿಶ್ಚಿತ, ತಾಯಿಯಿಂದ ಬಂದದ್ದು. ವಿವರಿಸಲು ಆಸ್ಪತ್ರೆಯವರು ಕೊಟ್ಟಿದ್ದು ಐದು ನಿಮಿಷ. ಅಕ್ಕನ ಅತ್ತೆಗೆ ಆ ಮೂರರಲ್ಲಿ ಕೇಳಿಸಿದ್ದು ಕೊನೆಯದು ಮಾತ್ರ. “ಹಾಗಾದ್ರೆ ನಿಮ್ಮ ಕಡೆಯಿಂದ್ಲೇ ಬಂದಿದ್ದು ಅನ್ನು.” ಅಲ್ಲಿಯವರೆಗೆ ಅದು ಮಗುವಿನ ಹಣೆಬರಹವಾಗಿತ್ತು. ಹಣೆಬರಹಕ್ಕೆ ತವರುಮನೆ ಇರಲಿಲ್ಲ. ಇನ್ನು ನಮ್ಮಲ್ಲಿ ಅಪರೂಪದ ಕಾಯಿಲೆಗೆ ಸರ್ಕಾರ 50 ಲಕ್ಷದವರೆಗೆ ನೆರವು ಕೊಡುತ್ತದೆ, ಆದರೆ ಕಾಯಿಲೆ ಪಟ್ಟಿಯಲ್ಲಿರಬೇಕು. ಹೆಸರೇ ಇಲ್ಲದ ಕಾಯಿಲೆ ಯಾವ ಪಟ್ಟಿಗೆ ಸೇರಬೇಕು?

ಈಗ ಭಾನುವಾರ ನಾನು ಹೋದರೆ ಅಕ್ಕ ಪುಸ್ತಕ ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋಗುತ್ತಾಳೆ. ‘ನೀನೇ ಬರಿ’ ಅಂತ. ಹೋದ ವಾರ ಮಧ್ಯಾಹ್ನ ಅವನು ಮಲಗಿದ್ದಾಗ ಎಡಗೈ ಒಂದೆರಡು ಸಲ ಅದುರಿತು. ಫಿಟ್ಸಾ, ಕನಸಿನಲ್ಲಿ ಬೆಚ್ಚಿದ್ದಾ ಗೊತ್ತಾಗಲಿಲ್ಲ. ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ‘2.25, ಎಡಗೈ’ ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.